‘ಸಾಕಷ್ಟು ಟೈಮ್ ಕೊಟ್ಟರಾ?’ – ಒಂದು ಪ್ರಶ್ನೆಯ ವಿಮರ್ಶೆ

ಪುಸ್ತಕ ವಿಮರ್ಶೆ ಓದಿರ್ತೀರಿ, ಸಿನಿಮಾ ವಿಮರ್ಶೆಯಂತೂ ವಾರಾವಾರ ಕೇಳ್ತೀರಿ. ಇವತ್ತು ನಾನು ವಿಮರ್ಶೆಗೆ ಎತ್ತಿಕೊಂಡಿರೋದು ಒಂದೇ ಒಂದು ಪ್ರಶ್ನೆಯನ್ನ. ಅರ್ಧ ಸಾಲಿನ ಪ್ರಶ್ನೆ. ಆದರೆ ಇದಕ್ಕೆ ಸಿಕ್ಕಿರೋ ಓದುಗರ ಸಂಖ್ಯೆ ನಮ್ಮ ಯಾವ ಕಾದಂಬರಿಗೂ ಸಿಕ್ಕಿರಲಿಕ್ಕಿಲ್ಲ.

ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ‘ಜಿಪಿ ಪೇಷೆಂಟ್ ಸರ್ವೇ’ ಅಂತ ಒಂದು ಸಮೀಕ್ಷೆ ನಡೆಯುತ್ತೆ. ಜಿಪಿ ಅಂದ್ರೆ ನಮ್ಮ ಏರಿಯಾದ ಡಾಕ್ಟರು. ನೆಗಡಿಯಿಂದ ಹಿಡಿದು ಕ್ಯಾನ್ಸರ್ ಅನುಮಾನದ ತನಕ ಮೊದಲು ಹೋಗಬೇಕಾಗಿರೋದು ಅವರ ಹತ್ತಿರ. ಎನ್‌ಎಚ್‌ಎಸ್ ಪರವಾಗಿ ಇಪ್ಸೋಸ್ ಅನ್ನೋ ಸಂಸ್ಥೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನಕ್ಕೆ ಪತ್ರ ಕಳಿಸುತ್ತೆ. ಏಳು ಲಕ್ಷದ ಆಸುಪಾಸು ಜನ ಉತ್ತರ ಕೊಡ್ತಾರೆ. ಈ ಸಮೀಕ್ಷೆಯಲ್ಲಿ ಬಹಳ ವರ್ಷ ಇದ್ದ ಒಂದು ಪ್ರಶ್ನೆ ಇದು: ನೀವು ಕೊನೆಯ ಸಲ ಹೋದಾಗ, ನಿಮ್ಮನ್ನು ನೋಡಿದವರು ನಿಮಗೆ ಸಾಕಷ್ಟು ಸಮಯ ಕೊಡೋದರಲ್ಲಿ ಹೇಗಿದ್ದರು? ಬಹಳ ಚೆನ್ನಾಗಿ, ಚೆನ್ನಾಗಿ, ಎರಡೂ ಅಲ್ಲ, ಕೆಟ್ಟದಾಗಿ, ಬಹಳ ಕೆಟ್ಟದಾಗಿ – ಒಂದಕ್ಕೆ ಟಿಕ್ ಹಾಕಿ.

ಹೆಚ್ಚಿನ ವರ್ಷಗಳಲ್ಲಿ ಸುಮಾರು ಐದು ಜನರಲ್ಲಿ ನಾಲ್ಕು ಜನ ‘ಚೆನ್ನಾಗಿ’ ಅಥವಾ ‘ಬಹಳ ಚೆನ್ನಾಗಿ’ ಅಂದಿದ್ದಾರೆ. ನನ್ನ ಕಸುಬು ಡೇಟಾ. ಇಂಥ ಅಂಕಿಯನ್ನ ಕೋಷ್ಟಕದಲ್ಲಿ ಹಸಿರು ಬಣ್ಣ ಹಚ್ಚಿ ಮುಂದಕ್ಕೆ ತಳ್ಳೋದು ಎಷ್ಟು ಸುಲಭ ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಕೇಳ್ತಿದ್ದೀನಿ: ಈ ಪ್ರಶ್ನೆ ಅಳೀತಿರೋದು ಏನನ್ನ?

ಗಡಿಯಾರ ಏನು ಹೇಳುತ್ತೆ

ಮೊದಲು ನಿಮಿಷಗಳ ಲೆಕ್ಕ ನೋಡೋಣ. 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ 67 ದೇಶಗಳ ಅಧ್ಯಯನಗಳನ್ನ ಒಟ್ಟು ಸೇರಿಸಿದ ಒಂದು ವರದಿ ಬಂತು. ಒಬ್ಬ ರೋಗಿಗೆ ಪ್ರಾಥಮಿಕ ಹಂತದ ಡಾಕ್ಟರು ಕೊಡೋ ಸರಾಸರಿ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22.5 ನಿಮಿಷ. ಭಾರತದ ಲೆಕ್ಕ ಸುಮಾರು 2 ನಿಮಿಷ. ಬ್ರಿಟನ್ನಿನಲ್ಲಿ ಹತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಪ್ರಪಂಚದ ಅರ್ಧದಷ್ಟು ಜನ ಇರೋ 18 ದೇಶಗಳಲ್ಲಿ ಇದು ಐದು ನಿಮಿಷ ಅಥವಾ ಅದಕ್ಕೂ ಕಡಿಮೆ.

2 ನಿಮಿಷ ಅಂದ್ರೆ ನಂಬೋಕೆ ಕಷ್ಟ ಏನಿಲ್ಲ. ಊರಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ತನಕ ಒಪಿಡಿ, 120 ಟೋಕನ್ ಅಂದ್ಕೊಳ್ಳಿ. ಭಾಗಿಸಿ ನೋಡಿ, ಸರಿಯಾಗಿ ಎರಡು ನಿಮಿಷ. ಇದರಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರಬೇಕು, ಸ್ಟೂಲ್ ಮೇಲೆ ಕೂರಬೇಕು, ಸ್ಕ್ಯಾನ್ ಕವರ್ ಬಿಚ್ಚಬೇಕು.

ಸಮಯ ಹೆಚ್ಚಾದಷ್ಟೂ ತೃಪ್ತಿ ಹೆಚ್ಚು ಅನ್ನೋದು ನಿಜವಾಗಿದ್ದರೆ ಸ್ವೀಡನ್ ಎಲ್ಲರಿಗಿಂತ ಮೇಲಿರಬೇಕಿತ್ತು. ಒಇಸಿಡಿ ಅನ್ನೋ ದೇಶಗಳ ಒಕ್ಕೂಟ ಇದೇ ‘ಸಾಕಷ್ಟು ಸಮಯ’ದ ಪ್ರಶ್ನೆಯನ್ನ ಬೇರೆ ಬೇರೆ ದೇಶಗಳಿಂದ ಸಂಗ್ರಹಿಸಿ ಪ್ರಕಟಿಸುತ್ತೆ. ಆ ಪಟ್ಟಿಗಳ ತುದಿಯಲ್ಲಿ ಬೆಲ್ಜಿಯಂ, ಲಕ್ಸೆಂಬರ್ಗ್‌ನಂಥ ದೇಶಗಳು ಕಾಣಿಸಿವೆ. ಸ್ವೀಡನ್ ಅವುಗಳಿಗಿಂತ ಸಾಕಷ್ಟು ಕೆಳಗಿದೆ.

ಒಂದೇ ದೇಶದ ಒಳಗೂ ಇದೇ ಕಥೆ. ಇಂಗ್ಲೆಂಡಿನಲ್ಲಿ 440 ಭೇಟಿಗಳನ್ನ ವಿಡಿಯೋ ಮಾಡಿ, ಗಡಿಯಾರದ ಸಮಯವನ್ನೂ ರೋಗಿಗಳು ಕೊಟ್ಟ ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಎರಡರ ನಡುವೆ ಯಾವ ನಂಟೂ ಸಿಗಲಿಲ್ಲ.

ಹಾಗಾದರೆ ನಿಮಿಷ ಮುಖ್ಯ ಅಲ್ಲವಾ?

ಇಲ್ಲಿಂದ ಮುಂದೆ ವಾದ ಎರಡು ದಾರಿಯಲ್ಲಿ ಹೋಗಬಹುದು. ಒಂದು ದಾರಿ ಆಡಳಿತಗಾರರಿಗೆ ಬಹಳ ಇಷ್ಟ: ‘ನೋಡಿ, ಸಮಯ ಮುಖ್ಯ ಅಲ್ಲ, ನಡವಳಿಕೆ ಮುಖ್ಯ. ಡಾಕ್ಟರಿಗೆ ಸ್ವಲ್ಪ ನಗೋಕೆ ಹೇಳಿಕೊಡೋಣ.’

ಈ ಮಾತಿನಲ್ಲಿ ಸತ್ಯ ಇಲ್ಲದೇ ಇಲ್ಲ. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನೋ ಇಬ್ಬರು ಒಂದು ಅಧ್ಯಯನ ಮಾಡಿದರು. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕ್ತಾರೆ ಅನ್ನೋದು ಅದರ ಪ್ರಸಿದ್ಧ ಫಲಿತಾಂಶ. ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡಬಹುದು? ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದನ್ನೂ ಪರೀಕ್ಷಿಸಿದರು. ತಡೆಯದೇ ಬಿಟ್ಟಾಗ ರೋಗಿಗಳು ತಾವಾಗೇ ಮಾತು ಮುಗಿಸೋಕೆ ತಗೊಂಡದ್ದು ಸರಾಸರಿ 92 ಸೆಕೆಂಡು. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಎರಡು ನಿಮಿಷದೊಳಗೆ ಮುಗಿಸಿದರು. ಅಂದರೆ, ರಾಮಾಯಣ ಶುರು ಮಾಡಿಬಿಡ್ತಾರೆ ಅನ್ನೋ ಭಯಕ್ಕೆ ಆಧಾರ ಕಡಿಮೆ.

ಕೂರೋದು, ನಿಲ್ಲೋದರ ಮೇಲೂ ಪ್ರಯೋಗ ಆಗಿದೆ. 2012ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬೆನ್ನುಮೂಳೆ ಆಪರೇಷನ್ ಆದವರ ವಾರ್ಡಿಗೆ ಬಂದ ಸರ್ಜನ್ ಕೆಲವರ ಹತ್ತಿರ ನಿಂತು ಮಾತಾಡಿದರು, ಕೆಲವರ ಹತ್ತಿರ ಕೂತು ಮಾತಾಡಿದರು. ಹೇಗಿದ್ದರೂ ಅವರು ಅಲ್ಲಿ ಇದ್ದದ್ದು ಒಂದು, ಒಂದೂವರೆ ನಿಮಿಷ. ಕೂತವರು ಹೆಚ್ಚು ಹೊತ್ತು ಇದ್ದರು ಅಂತ ರೋಗಿಗಳಿಗೆ ಅನ್ನಿಸಿತು. ಇದನ್ನ ಓದಿದ ಎಷ್ಟೋ ಆಸ್ಪತ್ರೆಗಳಲ್ಲಿ ‘ಕೂತು ಮಾತಾಡಿ’ ಅನ್ನೋದು ಒಂದು ಮಂತ್ರ ಆಯ್ತು. ಆದರೆ 2023ರಲ್ಲಿ ಟೆಕ್ಸಾಸಿನಲ್ಲಿ ನಡೆದ ಇನ್ನೊಂದು ಪ್ರಯೋಗ ನೋಡಿ. ಮಂಚದ ಪಕ್ಕ, ರೋಗಿಗೆ ಎದುರಾಗಿ ಕುರ್ಚಿ ಹಾಕಿಟ್ಟರು. ಡಾಕ್ಟರುಗಳು ಕೂರೋದು ತುಂಬಾ ಜಾಸ್ತಿ ಆಯ್ತು, ರೋಗಿಗಳ ಸಮಾಧಾನವೂ ಜಾಸ್ತಿ ಆಯ್ತು. ಆದರೆ ಡಾಕ್ಟರು ಎಷ್ಟು ಹೊತ್ತು ಇದ್ದರು ಅನ್ನೋ ರೋಗಿಗಳ ಅಂದಾಜು ಬದಲಾಗಲಿಲ್ಲ. ಜನ ಮರ್ಯಾದೆಗೆ ಖುಷಿಪಟ್ಟರು, ಗಡಿಯಾರದ ವಿಷಯದಲ್ಲಿ ಮೋಸ ಹೋಗಲಿಲ್ಲ.

ಕುರ್ಚಿ ಹಾಕಿ, ಖಂಡಿತ ಹಾಕಿ. ಆದರೆ ಕುರ್ಚಿ ತೋರಿಸಿ ನಿಮಿಷ ಕದಿಯೋದು ಬೇಡ.

ಇನ್ನು ಆ 440 ಭೇಟಿಗಳ ಅಧ್ಯಯನಕ್ಕೆ ಬರ್ತೀನಿ. ನಂಟು ಕಾಣಲಿಲ್ಲ ಅಂದ ಮಾತ್ರಕ್ಕೆ ನಿಮಿಷಕ್ಕೆ ಬೆಲೆ ಇಲ್ಲ ಅಂತ ಅರ್ಥ ಅಲ್ಲ. ಯೋಚಿಸಿ: ಡಾಕ್ಟರು ಯಾರಿಗೆ ಹೆಚ್ಚು ಹೊತ್ತು ಕೊಡ್ತಾರೆ? ಕಷ್ಟ ಹೆಚ್ಚಿರೋರಿಗೆ. ಗಂಟಲು ನೋವಿನವರು ಆರು ನಿಮಿಷದಲ್ಲಿ ಖುಷಿಯಾಗಿ ಎದ್ದು ಹೋಗ್ತಾರೆ. ಸಕ್ಕರೆ ಕಾಯಿಲೆ, ಮಂಡಿ ನೋವು, ಜೊತೆಗೆ ನಿದ್ದೆ ಇಲ್ಲದವರು ಹದಿನಾಲ್ಕು ನಿಮಿಷ ಕೂತರೂ ಅರ್ಧ ಮಾತು ಉಳಿದುಹೋಗುತ್ತೆ. ಇಬ್ಬರನ್ನೂ ಒಂದೇ ಗ್ರಾಫಿನಲ್ಲಿ ಇಟ್ಟರೆ ನಿಮಿಷಕ್ಕೂ ತೃಪ್ತಿಗೂ ಸಂಬಂಧವೇ ಇಲ್ಲ ಅಂತ ಕಾಣೋದು ಸಹಜ. ನಿಜವಾದ ಪ್ರಶ್ನೆ ಬೇರೆ: ಅದೇ ರೋಗಿಗೆ ಇನ್ನೂ ಹೊತ್ತು ಸಿಕ್ಕಿದ್ದರೆ ಏನಾಗುತ್ತಿತ್ತು? ಗ್ಲಾಸ್ಗೋದ ಕಡುಬಡವರ ಬಡಾವಣೆಗಳಲ್ಲಿ, ಒಬ್ಬೊಬ್ಬರಿಗೆ ಹಲವು ಕಾಯಿಲೆ ಇರೋ ಕಡೆ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ಭೇಟಿಗಳನ್ನ ಕೊಟ್ಟು ಇದನ್ನ ಪರೀಕ್ಷಿಸಿದ ಪ್ರಯೋಗ 2016ರಲ್ಲಿ ಪ್ರಕಟವಾಯ್ತು. ಚಿಕ್ಕ ಪ್ರಯೋಗ, ಆದರೆ ಫಲ ಒಳ್ಳೆಯ ದಿಕ್ಕಿಗೇ ಇತ್ತು, ಹಾಕಿದ ದುಡ್ಡಿಗೂ ತಕ್ಕದ್ದಾಗಿತ್ತು. ವೇಲ್ಸ್‌ನ ಗಣಿ ಊರಿನ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು: ಒಳ್ಳೆಯ ವೈದ್ಯಕೀಯ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತೆ ಅಂತ. ನಿಮಿಷಗಳೂ ಅಷ್ಟೇ.

‘ಸಾಕು’ ಅನ್ನೋ ಪದ

ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲೀತಿರೋರಿಗೆ ಒಂದು ಮಾತು. ‘ಸಾಕಷ್ಟು’ ಅಂದರೆ ‘ಸಾಕು ಅನ್ನಿಸುವಷ್ಟು’. ಆದರೆ ‘ಸಾಕು’ ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಮುಖ. ಊಟಕ್ಕೆ ಕೂತಾಗ ಹೊಟ್ಟೆ ತುಂಬಿದವರೂ ‘ಸಾಕು’ ಅಂತಾರೆ; ಇನ್ನೂ ಹಸಿವಿದ್ದು, ಬಡಿಸೋರಿಗೆ ತೊಂದರೆ ಬೇಡ ಅನ್ನೋರೂ ‘ಸಾಕು ಸಾಕು’ ಅಂತ ಎಲೆಗೆ ಕೈ ಅಡ್ಡ ಹಿಡೀತಾರೆ. ಕೇಳಿಸೋ ಪದ ಒಂದೇ. ಯಾವ ‘ಸಾಕು’ ಅಂತ ಮನೆಯವರಿಗೆ ಮಾತ್ರ ಗೊತ್ತು.

ಸಮೀಕ್ಷೆಯ ಪ್ರಶ್ನೆಗೂ ಇದೇ ತೊಂದರೆ. ನಮ್ಮ ಅಪ್ಪ ಅಮ್ಮಂದಿರನ್ನ ‘ಡಾಕ್ಟರು ಸಾಕಷ್ಟು ಟೈಮ್ ಕೊಟ್ಟರಾ?’ ಅಂತ ಕೇಳಿ ನೋಡಿ. ‘ಕೊಟ್ರಪ್ಪ, ಪಾಪ, ಹೊರಗೆ ಎಷ್ಟು ಜನ ಕಾಯ್ತಿದ್ರು’ ಅನ್ನೋ ಉತ್ತರ ಬರುತ್ತೆ. ಈ ‘ಪಾಪ’ ಅನ್ನೋದನ್ನ ಯಾವ ಕೋಷ್ಟಕದಲ್ಲಿ ಹಾಕೋದು? ಹಾಗಂತ ಇದು ನಮ್ಮವರ ಗುಣ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲೇ ಸಂಶೋಧಕರು ರೋಗಿಗಳಿಗೆ ಅವರದೇ ಭೇಟಿಯ ವಿಡಿಯೋ ತೋರಿಸಿ ಮಾತಾಡಿಸಿದಾಗ, ಫಾರಂನಲ್ಲಿ ‘ಚೆನ್ನಾಗಿ’ ಅಂತ ಟಿಕ್ ಹಾಕಿದವರೇ ಮೆಲ್ಲಗೆ ಬೇಜಾರು ಹೇಳಿಕೊಂಡರು. ಡಾಕ್ಟರನ್ನ ಬೈದ ಹಾಗಾಗುತ್ತೆ ಅಂತ ಬರೆದಿರಲಿಲ್ಲ, ಅಷ್ಟೇ.

ಗಣಿತದ ಭಾಷೆಯಲ್ಲಿ ‘ಸಾಕಷ್ಟು’ ಒಂದು ಭಾಗಾಕಾರ. ಮೇಲೆ ಸಿಕ್ಕ ಸಮಯ, ಕೆಳಗೆ ಬೇಕು ಅನ್ನಿಸಿದ ಸಮಯ. ಸಿಕ್ಕ ಸಮಯವನ್ನ ಹೆಚ್ಚಿಸದೇನೇ ಉತ್ತರ ಹೆಚ್ಚಿಸಬಹುದು. ಜನರ ಆಸೆಯನ್ನ ಕಡಿಮೆ ಮಾಡಿದರೆ ಆಯ್ತು. ಎರಡು ನಿಮಿಷಕ್ಕೆ ಒಗ್ಗಿದವರಿಗೆ ಹತ್ತು ನಿಮಿಷ ಹಬ್ಬ.

ಇದನ್ನ ನೆನಪಿಟ್ಟುಕೊಂಡು ಮುಂದಿನ ಸಂಗತಿ ನೋಡಿ. ಈ ಸಮೀಕ್ಷೆಯಲ್ಲಿ ದಕ್ಷಿಣ ಏಷ್ಯಾ ಮೂಲದ ಜನ ಬಿಳಿಯ ಬ್ರಿಟಿಷರಿಗಿಂತ ಕಡಿಮೆ ಅಂಕ ಕೊಡ್ತಾ ಬಂದಿದ್ದಾರೆ. ಬಹಳ ಕಾಲ ಇದಕ್ಕೆ ಸಿಗುತ್ತಿದ್ದ ಸುಲಭ ವಿವರಣೆ: ‘ಅವರ ನಿರೀಕ್ಷೆಯೇ ಬೇರೆ, ಅವರಿಗೆ ತೃಪ್ತಿ ಕಡಿಮೆ.’ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನ ನೇರವಾಗಿ ಪರೀಕ್ಷಿಸಿತು. ಡಾಕ್ಟರು–ರೋಗಿ ಮಾತುಕತೆಯ ಒಂದೇ ಥರದ ವಿಡಿಯೋಗಳನ್ನ ಬಿಳಿಯ ಬ್ರಿಟಿಷರಿಗೂ ಪಾಕಿಸ್ತಾನಿ ಮೂಲದವರಿಗೂ ತೋರಿಸಿ ಅಂಕ ಕೇಳಿದರು. ವಯಸ್ಸು, ಆರೋಗ್ಯ, ಬಡತನ ಎಲ್ಲವನ್ನೂ ಲೆಕ್ಕಕ್ಕೆ ತಗೊಂಡ ಮೇಲೆ, ಪಾಕಿಸ್ತಾನಿ ಮೂಲದವರು ಅದೇ ವಿಡಿಯೋಗೆ ಹೆಚ್ಚು ಅಂಕ ಕೊಟ್ಟಿದ್ದರು.

ಇದರ ಅರ್ಥ ಗಂಭೀರ. ಅಂಕ ಕೊಡೋದರಲ್ಲಿ ಉದಾರಿಗಳಾದ ಜನ ನಿಜ ಜೀವನದಲ್ಲಿ ಕಡಿಮೆ ಅಂಕ ಕೊಡ್ತಿದ್ದರೆ, ಅವರಿಗೆ ಸಿಗ್ತಿರೋ ಸೇವೆಯೇ ಕಡಿಮೆ ಇರಬೇಕು; ಅಂಕ ತೋರಿಸೋದಕ್ಕಿಂತಲೂ ಕಡಿಮೆ ಇರಬೇಕು. ಅವರಲ್ಲಿ ಎಷ್ಟೋ ಜನ ಮೊದಲೇ ಕಡಿಮೆ ಅಂಕದ ಕ್ಲಿನಿಕ್ಕುಗಳಿರೋ ಏರಿಯಾಗಳಲ್ಲಿ ಇದ್ದಾರೆ ಅನ್ನೋದೂ ಒಂದು ಕಾರಣ. ಪ್ರಯೋಗ ಮಾಡಿದ್ದು ಪಾಕಿಸ್ತಾನಿ ಮೂಲದವರ ಮೇಲೆ, ಕನ್ನಡಿಗರ ಮೇಲೆ ಅಲ್ಲ. ಆದರೆ ‘ನಿಮ್ಮ ಜನಕ್ಕೆ ಎಷ್ಟು ಕೊಟ್ಟರೂ ಸಾಲದು’ ಅನ್ನೋ ಮಾತು ಎಲ್ಲಾದರೂ ಕೇಳಿದರೆ ಈ ಪ್ರಯೋಗವನ್ನ ನೆನಪಿಸಿ.

‘ಸಂಕಟ’ಕ್ಕೆ ಎಷ್ಟು ನಿಮಿಷ?

ಪ್ರಶ್ನೆಯ ಇನ್ನೊಂದು ದೋಷ, ಅದು ಯಾರನ್ನ ಕೇಳೋದಿಲ್ಲ ಅನ್ನೋದು. ಕನಿಷ್ಠ ಆರು ತಿಂಗಳಿಂದ ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಿದ, 16 ದಾಟಿದವರಿಗೆ ಮಾತ್ರ ಆ ಪತ್ರ ಹೋಗುತ್ತೆ. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಅಂತ ಬಂದು, ಮೊಮ್ಮಗುವನ್ನ ನೋಡಿಕೊಂಡು ಹೋಗೋ ಅಜ್ಜಿ ತಾತ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಡಾಕ್ಟರ ಹತ್ತಿರ ಹೋದಾಗ ಎಲ್ಲರಿಗಿಂತ ಹೆಚ್ಚು ಸಮಯ ಬೇಕಾಗೋದು ಅವರಿಗೇ.

ಯಾಕೆ ಅಂತ ಒಂದು ಉದಾಹರಣೆ. ಅಮ್ಮ ‘ಬೆಳಿಗ್ಗೆ ಎದ್ದರೆ ಒಂಥರಾ ಸಂಕಟ’ ಅಂತಾರೆ. ಸಂಕಟ ಅಂದ್ರೆ ಹೊಟ್ಟೆ ತೊಳಸೋದಾ? ಎದೆ ಉರಿಯಾ? ಎದೆ ಹಿಂಡಿದ ಹಾಗಾ? ಮನಸ್ಸಿನ ತಳಮಳವಾ? ಕನ್ನಡದ ಡಾಕ್ಟರು ‘ಎಲ್ಲಿ, ಕೈ ಇಟ್ಟು ತೋರಿಸಿ’ ಅಂತ ಕೇಳಿ ಮುಗಿಸ್ತಾರೆ. ಇಲ್ಲಿ ಮಗಳು ಮಧ್ಯೆ ಕೂತು, ಮೊದಲು ಅಮ್ಮನ್ನ ನಾಲ್ಕು ಪ್ರಶ್ನೆ ಕೇಳಿ, ಇಂಗ್ಲಿಷಿಗೆ ತಿರುಗಿಸಿ, ಡಾಕ್ಟರ ಮರುಪ್ರಶ್ನೆಯನ್ನ ಕನ್ನಡಕ್ಕೆ ತರಬೇಕು. ಪ್ರತಿ ಮಾತೂ ಎರಡೆರಡು ಸಲ ಆಡಬೇಕಾದಾಗ ಹತ್ತು ನಿಮಿಷ ಐದೇ ಆಗುತ್ತೆ. ಜೊತೆಗೆ ಮಗಳ ಮುಂದೆ ಹೇಳಲಾರದ ಮಾತೊಂದು ಇದ್ದರೆ ಅದಕ್ಕೆ ಸಿಗೋ ಸಮಯ ಸೊನ್ನೆ. ಸಮೀಕ್ಷೆಯ ಗಡಿಯಾರದಲ್ಲಿ ಮಾತ್ರ ಹತ್ತು ನಿಮಿಷ ಪೂರ್ತಿ.

ಇದಕ್ಕೆ ನಿಯಮದಲ್ಲಿ ಒಂದು ದಾರಿ ಇದೆ, ನಮ್ಮಲ್ಲಿ ಬಹಳ ಜನ ಬಳಸೋದಿಲ್ಲ. ಎನ್‌ಎಚ್‌ಎಸ್ ಇಂಗ್ಲೆಂಡ್ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಭಾಷೆಯ ತೊಡಕಿರೋ ರೋಗಿಗೆ ದುಭಾಷಿ ಉಚಿತವಾಗಿ ಸಿಗಬೇಕು, ಮನೆಯವರನ್ನ ದುಭಾಷಿ ಮಾಡಬಾರದು, ಮತ್ತು ಭೇಟಿಗೆ ಹೆಚ್ಚು ಸಮಯ, ಸಾಮಾನ್ಯವಾಗಿ ಎರಡರಷ್ಟು, ಇಡಬೇಕು. ರಿಸೆಪ್ಷನ್‌ಗೆ ಫೋನ್ ಮಾಡಿದಾಗ ‘ಡಬಲ್ ಅಪಾಯಿಂಟ್‌ಮೆಂಟ್ ಬೇಕು, ಕನ್ನಡ ದುಭಾಷಿ ಬೇಕು’ ಅಂತ ಕೇಳಿ. ಸಂಕೋಚ ಬೇಡ. ನಾವು ಕೇಳದೇ ಹೋದರೆ ‘ಬೇಡಿಕೆ ಇಲ್ಲ’ ಅಂತ ದಾಖಲಾಗುತ್ತೆ. ಆ ದಾಖಲೆಯೂ ಒಂದು ಡೇಟಾ.

ಕೈಗುಣದ ಲೆಕ್ಕ

ನಮ್ಮಲ್ಲಿ ಡಾಕ್ಟರಿಗೆ ಅಂಕ ಕೊಡೋ ಪದ್ಧತಿ ಸಮೀಕ್ಷೆಗಿಂತ ಹಳೆಯದು. ‘ಅವರ ಕೈಗುಣ ಚೆನ್ನಾಗಿದೆ’ ಅಂತೀವಿ. ಅವರು ಮುಟ್ಟಿದರೆ ವಾಸಿಯಾಗುತ್ತೆ ಅನ್ನೋ ನಂಬಿಕೆ. ಕೈಗುಣ ಇರೋ ಡಾಕ್ಟರ ಹತ್ತಿರವೇ ಟೋಕನ್ ಉದ್ದ, ಅವರು ಕೊಡೋದೂ ಎರಡೇ ನಿಮಿಷ. ಆದರೂ ಜನ ‘ಸರಿಯಾಗಿ ನೋಡಲಿಲ್ಲ’ ಅಂತ ಹೇಳೋದು ಕಡಿಮೆ. ಹೇಗೆ?

ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತೈದು ವರ್ಷದಿಂದ ಕ್ಲಿನಿಕ್ ಇಟ್ಟಿರೋ ಡಾಕ್ಟರಿಗೆ ನಿಮ್ಮ ತಾತನ ಬಿಪಿಯೂ ಗೊತ್ತು, ನೀವು ಚಿಕ್ಕವರಿದ್ದಾಗ ಯಾವ ಮಾತ್ರೆಗೆ ಮೈಯೆಲ್ಲ ಗಂಧೆ ಎದ್ದಿತ್ತು ಅನ್ನೋದೂ ಗೊತ್ತು. ಇವತ್ತಿನ ಎರಡು ನಿಮಿಷದ ಕೆಳಗೆ ಇಪ್ಪತ್ತೈದು ವರ್ಷದ ಠೇವಣಿ ಇದೆ. ಇದು ಬರೀ ಊರಿನ ನೆನಪಿನ ಮಾತಲ್ಲ. 2022ರಲ್ಲಿ ಪ್ರಕಟವಾದ ನಾರ್ವೆಯ ದೊಡ್ಡ ಅಧ್ಯಯನವೊಂದು, 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಜಿಪಿ ಹತ್ತಿರ ಇದ್ದವರಿಗೂ ಜಿಪಿ ಬದಲಾಗಿ ಒಂದೇ ವರ್ಷ ಆದವರಿಗೂ ಹೋಲಿಕೆ ಮಾಡಿತು. ಹಳೆಯ ಡಾಕ್ಟರ ಹತ್ತಿರವೇ ಇದ್ದವರಲ್ಲಿ ತುರ್ತಾಗಿ ಆಸ್ಪತ್ರೆ ಸೇರೋದು, ಸಾವು – ಎರಡರ ಸಾಧ್ಯತೆಯೂ ಕಾಲು ಭಾಗದಷ್ಟು ಕಡಿಮೆ ಇತ್ತು.

ಆ ಠೇವಣಿ ಈಗ ಎರಡೂ ಕಡೆ ಕರಗ್ತಿದೆ. ಬೆಂಗಳೂರಿನಲ್ಲಿ ಮಂಡಿಗೊಬ್ಬರು, ಥೈರಾಯ್ಡಿಗೊಬ್ಬರು, ಆ್ಯಪ್‌ನಲ್ಲಿ ಸಿಕ್ಕ ಮೊದಲ ಸ್ಲಾಟಿನವರು ಇನ್ನೊಬ್ಬರು. ಇಂಗ್ಲೆಂಡಿನಲ್ಲಿ ಒಬ್ಬ ಪೂರ್ಣಾವಧಿ ಜಿಪಿಗೆ 2,200ಕ್ಕೂ ಹೆಚ್ಚು ರೋಗಿಗಳು. ಪ್ರತಿ ಸಲ ಹೊಸ ಮುಖ, ಕಥೆ ಮತ್ತೆ ಮೊದಲಿಂದ. ಠೇವಣಿ ಇಲ್ಲದ ಹತ್ತು ನಿಮಿಷ ನಿಜಕ್ಕೂ ಹತ್ತೇ ನಿಮಿಷ.

ಡಾಕ್ಟರುಗಳನ್ನ ಬೈಯೋಕೆ ಇದನ್ನೆಲ್ಲ ಹೇಳ್ತಿಲ್ಲ. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ತಾನೇ ಹದಿನೈದು ನಿಮಿಷದ ಭೇಟಿ, ದಿನಕ್ಕೆ ಹೆಚ್ಚೆಂದರೆ 25 ರೋಗಿಗಳು ಅಂತ ಸಲಹೆ ಕೊಟ್ಟಿದೆ. ಲೆಕ್ಕ ಹಾಕಿ: 25 ಜನಕ್ಕೆ ಹತ್ತು ನಿಮಿಷದಂತೆ ನಾಲ್ಕು ಗಂಟೆ ಹತ್ತು ನಿಮಿಷ, ಹದಿನೈದರಂತೆ ಆರೂಕಾಲು ಗಂಟೆ. ಈ ಎರಡು ಗಂಟೆ ಐದು ನಿಮಿಷ ಎಲ್ಲಿಂದ ತರೋದು ಅನ್ನೋದು ಹೆಚ್ಚು ಡಾಕ್ಟರು, ಹೆಚ್ಚು ದುಡ್ಡಿನ ಪ್ರಶ್ನೆ. ‘ಐದರಲ್ಲಿ ನಾಲ್ಕು ಜನಕ್ಕೆ ತೃಪ್ತಿ ಇದೆ’ ಅನ್ನೋ ಹಸಿರು ಅಂಕಿ ಆ ಪ್ರಶ್ನೆಯನ್ನ ಮುಂದೂಡೋಕೆ ಬಹಳ ಅನುಕೂಲ.

ಈಗ ವಿಮರ್ಶಕನ ತೀರ್ಪು. ‘ಸಾಕಷ್ಟು ಸಮಯ ಕೊಟ್ಟರಾ?’ ಅನ್ನೋ ಪ್ರಶ್ನೆ ಸುಳ್ಳಲ್ಲ, ಆದರೆ ಸಂಕೋಚದವರನ್ನ ಇನ್ನೂ ಸಂಕೋಚಕ್ಕೆ ತಳ್ಳುತ್ತೆ. ಕೊಟ್ಟವರ ಬಗ್ಗೆ ಕೇಳುತ್ತೆ, ಅದಕ್ಕೇ ಪಡೆದವರು ಮರ್ಯಾದೆಯ ಉತ್ತರ ಕೊಡ್ತಾರೆ. ನನ್ನ ಕೈಗೆ ಆ ಫಾರಂ ಕೊಟ್ಟರೆ ಅದನ್ನ ಹೊಡೆದುಹಾಕಿ ಹೀಗೆ ಬರೀತೀನಿ: ‘ಡಾಕ್ಟರಿಗೆ ಹೇಳಬೇಕು ಅಂತ ಹೋಗಿದ್ದರಲ್ಲಿ ಹೇಳದೇ ಉಳಿದದ್ದು ಏನಾದರೂ ಇದೆಯಾ?’ ಇದಕ್ಕೆ ಹೌದು ಅಂದರೆ ಯಾರನ್ನೂ ದೂರಿದ ಹಾಗಾಗಲ್ಲ. ಎಲ್ಲಿ, ಯಾವ ಭಾಷೆಯವರಿಗೆ, ಯಾವ ಏರಿಯಾದಲ್ಲಿ ಮಾತು ಹೆಚ್ಚು ಉಳಿದುಹೋಗ್ತಿದೆ ಅನ್ನೋದು ಕಾಣುತ್ತೆ. ನಿಮಿಷಗಳನ್ನ ಎಲ್ಲಿ ಹಾಕಬೇಕು ಅಂತಲೂ ಆಗ ಗೊತ್ತಾಗುತ್ತೆ.

ಸಮೀಕ್ಷೆ ಬದಲಾಗೋಕೆ ವರ್ಷಗಳು ಬೇಕು. ಈ ಪ್ರಶ್ನೆಯನ್ನ ನಾವು ಇವತ್ತೇ ಬಳಸಬಹುದು. ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ‘ಡಾಕ್ಟರು ಚೆನ್ನಾಗಿ ನೋಡಿದ್ರಾ?’ ಅಂತ ಕೇಳಿದರೆ ‘ಹ್ಞೂಂ, ನೋಡಿದ್ರು’ ಅಂತ ಬರುತ್ತೆ, ಮಾತು ಅಲ್ಲಿಗೆ ಮುಗಿಯುತ್ತೆ. ಬದಲಿಗೆ ‘ಅಮ್ಮ, ಅವರಿಗೆ ಏನು ಹೇಳೋಕಾಗಲಿಲ್ಲ?’ ಅಂತ ಕೇಳಿ. ಕೇಳಿದ ಮೇಲೆ ಒಂದೂವರೆ ನಿಮಿಷ ಮಧ್ಯೆ ಬಾಯಿ ಹಾಕಬೇಡಿ.